ಹೊಸ ಫೋನಿನ ಸ್ಕ್ರೀನೇ ಸರಿಯಿಲ್ಲವೇ? ಡಬ್ಬಿ ಬಿಚ್ಚುವ ಹೊತ್ತಿನಿಂದ ಬದಲಿ ಫೋನ್ ಕೈಗೆ ಸಿಗುವ ತನಕ ಏನೇನು ಮಾಡಬೇಕು

"ಫೋನ್ ಬಂದು ಹನ್ನೆರಡು ದಿನ ಆಯ್ತು, ಸ್ಕ್ರೀನ್ ಮೇಲೆ ಗೆರೆ ಬರ್ತಿದೆ, ಈಗ ರಿಪ್ಲೇಸ್ ಮಾಡ್ತಾರಾ?" ಈ ಪ್ರಶ್ನೆಯನ್ನು ನನಗೆ ತುಂಬಾ ಜನ ಕೇಳಿದ್ದಾರೆ. ಕೇಳುವವರ ಹತ್ತಿರ ಬಿಲ್ ಇರುತ್ತದೆ. ದೋಷವೂ ನಿಜವೇ. ಆದರೂ ಫೋನ್ ಬದಲಾಗಿರುವುದಿಲ್ಲ. ಕಾರಣ ಹೆಚ್ಚಾಗಿ ಒಂದೇ: ಮೊದಲು ಮಾಡಬೇಕಾದ್ದನ್ನು ಆಮೇಲೆ ಮಾಡಿರುತ್ತಾರೆ. ಬಂದ ದಿನವೇ ಟೆಂಪರ್ಡ್ ಗ್ಲಾಸ್ ಅಂಟಿಸಿ, ವಾಟ್ಸ್‌ಆ್ಯಪ್ ಹಾಕಿಕೊಂಡು, ಖಾಲಿ ಡಬ್ಬಿಯನ್ನು ಮಕ್ಕಳ ಕೈಗೆ ಕೊಟ್ಟಿರುತ್ತಾರೆ. ಐದನೇ ದಿನ ಗೆರೆ ಕಂಡರೆ "ನೋಡೋಣ, ತಾನಾಗೇ ಹೋಗಬಹುದು" ಅಂತ ಬಿಡುತ್ತಾರೆ. ಎಂಟನೇ ದಿನ ದೂರು ಕೊಡಲು ಹೋದರೆ ಗಡುವು ಮುಗಿದಿರುತ್ತದೆ.

ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮಧ್ಯದಲ್ಲಿ ಒಂದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ.

## ಮೊದಲೇ ಹತ್ತಿರ ಇಟ್ಟುಕೊಳ್ಳಬೇಕಾದವು

ಫೋನ್ ಬರುವ ದಿನ ಮನೆಯಲ್ಲಿ ಇವು ಸಿದ್ಧವಿರಲಿ. ವಿಡಿಯೊ ಮಾಡಲು ಇನ್ನೊಂದು ಫೋನ್. ಅದರಲ್ಲಿ 20 ನಿಮಿಷದ ವಿಡಿಯೊಗೆ ಸಾಕಾಗುವಷ್ಟು ಜಾಗ. ಕನ್ನಡಕ ಒರೆಸುವಂಥ ಮೆತ್ತನೆಯ ಬಟ್ಟೆ. ಪರದೆ ಎಳೆದರೆ ಕತ್ತಲಾಗುವ ಒಂದು ಕೋಣೆ. ಬಿಲ್ ಅಥವಾ ಆರ್ಡರ್‌ನ ಪಿಡಿಎಫ್. ಒಂದು ಗಂಟೆ ಪುರುಸೊತ್ತು.

ಆರ್ಡರ್ ಮಾಡುವ ಮುಂಚೆಯೇ ಆ ಫೋನಿನ ಪುಟದಲ್ಲಿ ವಾಪಸಾತಿ ಷರತ್ತನ್ನು ಓದಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಸಾಮಾನ್ಯವಾಗಿ ಅಲ್ಲಿ 7 ದಿನ ಅಂತ ಇರುತ್ತದೆ, ಕೆಲವು ಕಡೆ 10. ಆದರೆ ದಿನದ ಲೆಕ್ಕಕ್ಕಿಂತ ಪಕ್ಕದಲ್ಲಿರುವ ಪದ ಮುಖ್ಯ. "ರಿಪ್ಲೇಸ್‌ಮೆಂಟ್" ಅಂದರೆ ಅಂಗಡಿಯವರೇ ಬದಲಿಸುತ್ತಾರೆ. "ಸರ್ವಿಸ್ ಸೆಂಟರ್ ರಿಪ್ಲೇಸ್‌ಮೆಂಟ್" ಅಂದರೆ ನೀವೇ ಕಂಪನಿಯ ಸರ್ವಿಸ್ ಸೆಂಟರ್‌ಗೆ ಹೋಗಿ ದೋಷ ಇದೆ ಅಂತ ಬರೆಸಿಕೊಂಡು ಬರಬೇಕು. ನಿಮ್ಮ ಊರಿಂದ ಆ ಸೆಂಟರ್ ಎಷ್ಟು ದೂರ ಅಂತ ಹಣ ಕಟ್ಟುವ ಮುಂಚೆಯೇ ನೋಡಿಕೊಳ್ಳಿ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಮ್ಮ ಅತ್ತಿಗೆಯ ಮನೆ ಸಾಗರದ ಹತ್ತಿರದ ಹಳ್ಳಿಯಲ್ಲಿ. ಅವರು ತರಿಸಿದ ಫೋನಿನ ಕಂಪನಿಗೆ ಹತ್ತಿರದ ಸೆಂಟರ್ ಇದ್ದದ್ದು ಶಿವಮೊಗ್ಗದಲ್ಲಿ, ಸುಮಾರು 70 ಕಿಲೋಮೀಟರ್ ದೂರ. ಭತ್ತದ ನಾಟಿ ನಡೆಯುತ್ತಿದ್ದ ವಾರ ಅದು. ಕೆಲಸ ಬಿಟ್ಟು ಯಾರು ಹೋಗುತ್ತಾರೆ? ಹೋಗುವಷ್ಟರಲ್ಲಿ ಏಳು ದಿನ ಕಳೆದಿತ್ತು.

## ಹಂತ 1: ಓಟಿಪಿ ಹೇಳುವ ಮುಂಚೆ

ಓಪನ್ ಬಾಕ್ಸ್ ಡೆಲಿವರಿ ಸೌಲಭ್ಯ ಇದ್ದರೆ ಅದನ್ನೇ ಆರಿಸಿ. ಇದರಲ್ಲಿ ಡೆಲಿವರಿಯವರು ನಿಮ್ಮ ಎದುರಿಗೇ ಡಬ್ಬಿ ಬಿಚ್ಚಿ ತೋರಿಸುತ್ತಾರೆ. ನೋಡಿ ಒಪ್ಪಿಗೆಯಾದ ಮೇಲೆ ನೀವು ಓಟಿಪಿ ಹೇಳಬೇಕು. ಓಟಿಪಿ ಹೇಳಿದಿರಿ ಅಂದರೆ "ಸಾಮಾನು ಸರಿಯಾಗಿ ತಲುಪಿದೆ" ಅಂತ ಸಹಿ ಹಾಕಿದ ಹಾಗೆ.

"ಸರ್, ಇನ್ನೂ ನಲವತ್ತು ಮನೆ ಇದೆ, ಬೇಗ ಓಟಿಪಿ ಹೇಳಿ" ಅನ್ನುತ್ತಾರೆ. ಅವರ ಅವಸರ ಸುಳ್ಳಲ್ಲ. ಒಂದು ಲೋಟ ನೀರು ಕೊಟ್ಟು, ಎರಡು ನಿಮಿಷ ಕೇಳಿ. ಆ ಎರಡು ನಿಮಿಷದಲ್ಲಿ ಮೂರು ವಿಷಯ ನೋಡಿ: ಡಬ್ಬಿಯ ಸೀಲ್ ಮೊದಲೇ ಕಿತ್ತು ಮತ್ತೆ ಅಂಟಿಸಿದ ಹಾಗಿದೆಯಾ, ಫೋನ್ ಆನ್ ಆಗುತ್ತದಾ, ಸ್ಕ್ರೀನ್ ಒಡೆದಿದೆಯಾ ಅಥವಾ ಗೆರೆ ಇದೆಯಾ. ಒಂದರಲ್ಲಿ ತೊಂದರೆ ಕಂಡರೂ ಅಲ್ಲೇ ವಾಪಸ್ ಕಳಿಸಿ. ಬಾಗಿಲಲ್ಲೇ ನಿರಾಕರಿಸಿದರೆ ಮುಂದಿನ ಓಡಾಟ ಹೆಚ್ಚುಕಡಿಮೆ ಎಲ್ಲವೂ ತಪ್ಪುತ್ತದೆ.

ಅಂಗಡಿಯಲ್ಲಿ ಕೊಳ್ಳುವವರು ಕೌಂಟರ್ ಮೇಲೆಯೇ ಫೋನ್ ಆನ್ ಮಾಡಿಸಿ. ಜಿಎಸ್‌ಟಿ ಬಿಲ್ ತೆಗೆದುಕೊಳ್ಳಿ. ಅದರ ಮೇಲೆ ಐಎಂಇಐ ನಂಬರ್, ಅಂದರೆ ಆ ಫೋನಿಗೆ ಮಾತ್ರ ಇರುವ ಗುರುತಿನ ನಂಬರ್, ಬರೆದಿರಬೇಕು. "ಎಸ್ಟಿಮೇಟ್" ಅಂತ ಬರೆದ ಚೀಟಿ ಆಮೇಲೆ ಯಾವುದಕ್ಕೂ ಬರುವುದಿಲ್ಲ. ಅಂಗಡಿಯವರು ಉಚಿತವಾಗಿ ಸ್ಕ್ರೀನ್ ಗಾರ್ಡ್ ಹಾಕಿಕೊಡುತ್ತೇವೆ ಅಂದರೆ ಎರಡು ದಿನ ಬಿಟ್ಟು ಬರುತ್ತೇನೆ ಅನ್ನಿ.

## ಹಂತ 2: ಡಬ್ಬಿ ಬಿಚ್ಚುವ ವಿಡಿಯೊ

ಎಲ್ಲರೂ ವಿಡಿಯೊ ಮಾಡುತ್ತಾರೆ. ಆದರೆ ಬೇಕಾದ್ದೇ ಅದರಲ್ಲಿ ಇರುವುದಿಲ್ಲ. ಬಿಚ್ಚಿ ಆದಮೇಲೆ ಶುರು ಮಾಡಿರುತ್ತಾರೆ, ಅಥವಾ ನಡುವೆ ನಿಲ್ಲಿಸಿ ಮತ್ತೆ ಶುರು ಮಾಡಿರುತ್ತಾರೆ.

ವಿಡಿಯೊ ಒಂದೇ ಓಟದಲ್ಲಿ ಇರಲಿ. ಓಪನ್ ಬಾಕ್ಸ್ ಆದರೆ ಡೆಲಿವರಿಯವರು ಬಿಚ್ಚುವಾಗಲೇ ಶುರು ಮಾಡಿ. ಮೊದಲು ಪಾರ್ಸೆಲ್ ಮೇಲಿನ ಚೀಟಿ, ಆರ್ಡರ್ ನಂಬರ್ ಓದುವ ಹಾಗೆ ಹತ್ತಿರದಿಂದ. ಆಮೇಲೆ ಪಾರ್ಸೆಲ್‌ನ ಆರೂ ಮುಖ. ಆಮೇಲೆ ಫೋನಿನ ಡಬ್ಬಿಯ ಸೀಲ್, ಡಬ್ಬಿಯ ಮೇಲಿನ ಐಎಂಇಐ. ಬಿಚ್ಚಿ, ಫೋನಿನ ನಾಲ್ಕೂ ಅಂಚು, ನಾಲ್ಕೂ ಮೂಲೆ, ಹಿಂಬದಿ ತೋರಿಸಿ. ಫೋನ್ ಆನ್ ಮಾಡಿ, ಡಯಲ್ ಮಾಡುವ ಜಾಗದಲ್ಲಿ *#06# ಒತ್ತಿ. ಸ್ಕ್ರೀನ್ ಮೇಲೆ ಬರುವ 15 ಅಂಕಿಯ ಐಎಂಇಐಯನ್ನೂ ಡಬ್ಬಿಯ ಮೇಲಿನದನ್ನೂ ಒಟ್ಟಿಗೆ ಹಿಡಿದು ತೋರಿಸಿ.

ನಾಲ್ಕೂ ಮೂಲೆ ಯಾಕೆ ಅಂದರೆ, ಮುಂದೆ ಯಾರಾದರೂ "ಫೋನ್ ಬಿದ್ದಿದೆ, ಮೂಲೆಯಲ್ಲಿ ಪೆಟ್ಟಾಗಿದೆ" ಅಂದಾಗ ನಿಮ್ಮ ಕೈಯಲ್ಲಿರುವ ಉತ್ತರ ಅದೊಂದೇ.

ಸ್ಕ್ರೀನ್ ಮೇಲಿನ ಐಎಂಇಐ ಡಬ್ಬಿಯ ಮೇಲಿನದಕ್ಕೆ ತಾಳೆಯಾಗದಿದ್ದರೆ ಮುಂದಕ್ಕೆ ಹೋಗಬೇಡಿ. ಆ ಫೋನನ್ನು ಬಳಸಲೇಬೇಡಿ, ನೇರವಾಗಿ ಹಂತ 5ಕ್ಕೆ ಹೋಗಿ ದೂರು ಕೊಡಿ. ಅನುಮಾನ ಇದ್ದರೆ ಇಂಗ್ಲಿಷಿನ ಕೆ, ವೈ, ಎಂ ಈ ಮೂರು ಅಕ್ಷರ ಬರೆದು, ಒಂದು ಜಾಗ ಬಿಟ್ಟು, ಐಎಂಇಐ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಿ. ಆ ನಂಬರ್ ಯಾವ ಮಾಡೆಲ್‌ನದು ಅಂತ ಉತ್ತರ ಬರುತ್ತದೆ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲೂ ಇದೇ ಸೌಲಭ್ಯ ಇದೆ.

## ಹಂತ 3: ಸ್ಕ್ರೀನ್ ಪರೀಕ್ಷೆ

ಇದಕ್ಕೇ ಜಾಸ್ತಿ ಸಮಯ ಕೊಡಿ. ಗೂಗಲ್ ಖಾತೆ ಹಾಕುವುದು, ಹಳೆ ಫೋನಿನ ಫೋಟೊ ತರುವುದು, ಯುಪಿಐ ಆ್ಯಪ್ ಜೋಡಿಸುವುದು ಎಲ್ಲ ಆಮೇಲೆ. ಶುರುವಿನಲ್ಲಿ ಖಾತೆ ಕೇಳಿದರೆ "ಸ್ಕಿಪ್" ಒತ್ತಿ ವೈಫೈಗೆ ಮಾತ್ರ ಜೋಡಿಸಿ. ಸ್ಕ್ರೀನ್ ಮೇಲೆ ಕಾರ್ಖಾನೆಯಲ್ಲೇ ಅಂಟಿಸಿದ ತೆಳು ಪ್ಲಾಸ್ಟಿಕ್ ಹಾಳೆ ಇರಬಹುದು, ಅದನ್ನೂ ಕೀಳಬೇಡಿ.

ಬಣ್ಣದ ಪರೀಕ್ಷೆ. ಬೆಳಕನ್ನು ಪೂರ್ತಿ ಏರಿಸಿ. ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ, ಬೂದಿ, ಈ ಆರು ಬಣ್ಣಗಳನ್ನು ಒಂದೊಂದಾಗಿ ಸ್ಕ್ರೀನ್ ತುಂಬಾ ತನ್ನಿ. ಯೂಟ್ಯೂಬ್‌ನಲ್ಲಿ "ಡೆಡ್ ಪಿಕ್ಸೆಲ್ ಟೆಸ್ಟ್" ಅಂತ ಹುಡುಕಿದರೆ ಇಂಥ ವಿಡಿಯೊ ಸಿಗುತ್ತವೆ. ಸ್ಯಾಮ್‌ಸಂಗ್ ಫೋನ್‌ಗಳಲ್ಲಿ *#0*#, ಶಾವೊಮಿಯಲ್ಲಿ *#*#6484#*#* ಡಯಲ್ ಮಾಡಿದರೆ ಕಂಪನಿಯದೇ ಪರೀಕ್ಷಾ ಪುಟ ತೆರೆಯುತ್ತದೆ. ನಿಮ್ಮ ಮಾಡೆಲ್‌ನಲ್ಲಿ ಇದು ಕೆಲಸ ಮಾಡದಿದ್ದರೆ ಗಾಬರಿ ಬೇಡ, ವಿಡಿಯೊ ಸಾಕು. ಐಫೋನ್‌ನಲ್ಲಿ ಹೀಗೆ ಡಯಲ್ ಮಾಡುವ ಕೋಡ್ ಇಲ್ಲ.

ಬಿಳಿಯ ಮೇಲೆ ಕಪ್ಪು ಚುಕ್ಕಿ ಕಂಡರೆ ಆ ಪಿಕ್ಸೆಲ್, ಅಂದರೆ ಚಿತ್ರ ಮೂಡಿಸುವ ಆ ಸಣ್ಣ ಬಿಂದು, ಸತ್ತಿದೆ. ಕಪ್ಪಿನ ಮೇಲೆ ಕೆಂಪೋ ಹಸಿರೋ ನೀಲಿಯೋ ಚುಕ್ಕಿ ಉರಿಯುತ್ತಿದ್ದರೆ ಅದು ಸಿಕ್ಕಿಕೊಂಡ ಪಿಕ್ಸೆಲ್. ಚುಕ್ಕಿ ಕಂಡ ಕೂಡಲೇ ಮೊದಲು ಬಟ್ಟೆಯಿಂದ ಒರೆಸಿ ನೋಡಿ. ಆಮೇಲೆ ಸ್ಕ್ರೀನನ್ನು ಓರೆ ಮಾಡಿ ನೋಡಿ. ಓರೆ ಮಾಡಿದಾಗ ಚುಕ್ಕಿ ಮೇಲೆ ತೇಲಿದ ಹಾಗೆ ಕಂಡರೆ ಅದು ಪ್ಲಾಸ್ಟಿಕ್ ಹಾಳೆಯ ಒಳಗಿನ ಧೂಳು, ಸ್ಕ್ರೀನಿನದಲ್ಲ.

ಕತ್ತಲ ಕೋಣೆ ಪರೀಕ್ಷೆ. ಹೆಚ್ಚಿನವರು ಬಿಡುವುದು ಇದನ್ನೇ. ಬೆಳಕನ್ನು ಪೂರ್ತಿ ಇಳಿಸಿ, ಕತ್ತಲ ಕೋಣೆಯಲ್ಲಿ ಬೂದಿ ಬಣ್ಣ ತನ್ನಿ. ಅಮೊಲೆಡ್ (ಪ್ರತಿ ಪಿಕ್ಸೆಲ್ ತಾನೇ ಬೆಳಗುವ ಬಗೆಯ) ಸ್ಕ್ರೀನ್ ಆದರೆ ಹಸಿರು ಛಾಯೆ, ಮೋಡದಂಥ ಕಲೆ, ಒಂದು ಬದಿ ಗಾಢ ಇನ್ನೊಂದು ಬದಿ ತೆಳು, ಇವೆಲ್ಲ ಹೊರಗೆ ಬರುವುದು ಇಲ್ಲೇ. ಎಲ್‌ಸಿಡಿ (ಹಿಂದಿನಿಂದ ದೀಪ ಬೆಳಗುವ ಬಗೆ) ಆದರೆ ಕಪ್ಪು ಬಣ್ಣ ತಂದು ಅಂಚುಗಳನ್ನು ನೋಡಿ. ಅಂಚಿನಲ್ಲಿ ಸ್ವಲ್ಪ ಬೆಳಕು ಸೋರುವುದು ಎಲ್‌ಸಿಡಿಯಲ್ಲಿ ಸಹಜ. ಒಂದೇ ಮೂಲೆಯಲ್ಲಿ ಟಾರ್ಚ್ ಬಿಟ್ಟ ಹಾಗೆ ಕಂಡರೆ ಮಾತ್ರ ದೋಷ.

ಟಚ್ ಪರೀಕ್ಷೆ. ಆಂಡ್ರಾಯ್ಡ್ ಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ "ಅಬೌಟ್ ಫೋನ್" ಒಳಗೆ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿ. "ಡೆವಲಪರ್ ಆಪ್ಷನ್ಸ್" ತೆರೆಯುತ್ತದೆ. ಅದರಲ್ಲಿ "ಪಾಯಿಂಟರ್ ಲೊಕೇಶನ್" ಆನ್ ಮಾಡಿ. ಈಗ ಬೆರಳು ಎಲ್ಲಿ ಹೋಗುತ್ತದೋ ಅಲ್ಲಿ ಗೆರೆ ಬೀಳುತ್ತದೆ. ಸಗಣಿ ಸಾರಿಸುವ ಹಾಗೆ ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ, ಒಂದು ಇಂಚೂ ಬಿಡದೆ ನಿಧಾನಕ್ಕೆ ಬೆರಳಾಡಿಸಿ. ಗೆರೆ ಎಲ್ಲಿ ತುಂಡಾಗುತ್ತದೋ ಅಲ್ಲಿ ಟಚ್ ಸತ್ತಿದೆ. ಅಂಚುಗಳಲ್ಲಿ ಮತ್ತು ಕೀಬೋರ್ಡ್ ಬರುವ ಜಾಗದಲ್ಲಿ ಎರಡು ಸಲ ಮಾಡಿ.

ಆಮೇಲೆ ಫೋನನ್ನು ಮೇಜಿನ ಮೇಲೆ ಇಟ್ಟು ಐದು ನಿಮಿಷ ಮುಟ್ಟದೆ ನೋಡಿ. ನೀವು ಮುಟ್ಟದೇ ಗೆರೆ ಬಿದ್ದರೆ ಅದು ಘೋಸ್ಟ್ ಟಚ್. ಚಾರ್ಜಿಗೆ ಹಾಕಿದಾಗ ಮಾತ್ರ ಹೀಗಾದರೆ ಬೇರೆ ಚಾರ್ಜರ್, ಬೇರೆ ಸಾಕೆಟ್‌ನಲ್ಲಿ ಹಾಕಿ ನೋಡಿ. ಅರ್ತಿಂಗ್ ಇಲ್ಲದ ಹಳೆ ವೈರಿಂಗ್ ಇರುವ ಮನೆಗಳಲ್ಲಿ, ಕಡಿಮೆ ಬೆಲೆಯ ಚಾರ್ಜರ್‌ಗಳಲ್ಲಿ ಟಚ್ ಹುಚ್ಚುಹುಚ್ಚಾಗಿ ಓಡುವುದು ಉಂಟು. ಅದು ಸ್ಕ್ರೀನಿನ ತಪ್ಪಲ್ಲ.

ಬಿಸಿ ಪರೀಕ್ಷೆ. ಬೆಳಕು ಪೂರ್ತಿ ಏರಿಸಿ 20 ನಿಮಿಷ ವಿಡಿಯೊ ಓಡಿಸಿ. ಆಮೇಲೆ ಬಿಳಿ ಮತ್ತು ಬೂದಿ ಬಣ್ಣ ಮತ್ತೊಮ್ಮೆ ನೋಡಿ. ಅತ್ತಿಗೆಯ ಫೋನಿನಲ್ಲಿ ನಾನು ಕಂಡದ್ದು ಇದನ್ನೇ. ತಣ್ಣಗಿದ್ದಾಗ ಏನೂ ಇರಲಿಲ್ಲ. ಬಿಸಿಯಾದ ಮೇಲೆ ಬಲ ಅಂಚಿನಿಂದ ಒಂದು ಬೆರಳಗಲ ಒಳಗೆ, ಮೇಲಿಂದ ಕೆಳತನಕ ಕೂದಲೆಳೆಯಷ್ಟು ಸಣ್ಣ ಹಸಿರು ಗೆರೆ. ಬಿಳಿ ಬಣ್ಣದ ಮೇಲೆ ಕಣ್ಣಿಗೆ ಬೀಳುತ್ತಿರಲಿಲ್ಲ, ಬೂದಿಯ ಮೇಲೆ ಎದ್ದು ಕಾಣುತ್ತಿತ್ತು. ಅವರು ಸೆಂಟರ್‌ಗೆ ಒಯ್ದಾಗ ಫೋನ್ ತಣ್ಣಗಿತ್ತು, ಗೆರೆ ಇರಲಿಲ್ಲ. "ಏನೂ ಪ್ರಾಬ್ಲಂ ಇಲ್ಲ ಮೇಡಂ" ಅಂತ ವಾಪಸ್ ಕಳಿಸಿದ್ದರು.

ಕಾಲ್ ಪರೀಕ್ಷೆ. ಸಿಮ್ ಹಾಕಿ ಯಾರಿಗಾದರೂ ಕಾಲ್ ಮಾಡಿ. ಕಿವಿಗೆ ಹಿಡಿದಾಗ ಸ್ಕ್ರೀನ್ ಆರಬೇಕು, ತೆಗೆದಾಗ ಉರಿಯಬೇಕು. ಸ್ಕ್ರೀನ್ ಒಳಗೆ ಬೆರಳಚ್ಚು ಓದುವ ಸೆನ್ಸರ್ ಇದ್ದರೆ ಅದನ್ನೂ ನೋಡಿ. ಮುಗಿದ ಮೇಲೆ ಸಿಮ್ ತೆಗೆದು ಹಳೆ ಫೋನಿಗೇ ಹಾಕಿ.

## ಹಂತ 4: ದೋಷವೋ, ಬರೀ ಸೆಟ್ಟಿಂಗೋ?

ದೂರು ಕೊಡುವ ಮುಂಚೆ ಇದನ್ನು ಖಚಿತ ಮಾಡಿಕೊಳ್ಳಿ. ಇಲ್ಲದಿದ್ದರೆ ಸೆಂಟರ್‌ನವರು ಎರಡು ನಿಮಿಷದಲ್ಲಿ ಸರಿಮಾಡಿ ಕಳಿಸುತ್ತಾರೆ, ನಿಮ್ಮ ಒಂದು ದಿನ ಸುಮ್ನೆ ಹಾಳು.

ಸ್ಕ್ರೀನ್ ಹಳದಿಯಾಗಿ ಕಂಡರೆ ನೈಟ್ ಲೈಟ್ ಅಥವಾ ಐ ಕಂಫರ್ಟ್ ಆನ್ ಇದೆಯಾ ನೋಡಿ. ಬೆಳಕು ತಾನಾಗೇ ಏರಿಳಿಯುತ್ತಿದ್ದರೆ ಅಡಾಪ್ಟಿವ್ ಬ್ರೈಟ್‌ನೆಸ್ ಆಫ್ ಮಾಡಿ. ಇನ್ನೊಂದು ಫೋನಿನ ಕ್ಯಾಮೆರಾದಲ್ಲಿ ನೋಡಿದಾಗ ಕಪ್ಪು ಪಟ್ಟಿಗಳು ಓಡುವುದು ದೋಷವಲ್ಲ, ಅಮೊಲೆಡ್ ಬೆಳಕನ್ನು ಹತೋಟಿಯಲ್ಲಿಡುವ ರೀತಿಯೇ ಹಾಗೆ. ಬಾಗಿದ ಅಂಚಿನ ಸ್ಕ್ರೀನ್ ಓರೆಯಿಂದ ಸ್ವಲ್ಪ ನೀಲಿಯಾಗಿ ಕಾಣುವುದೂ ಸಹಜ.

ಗೆರೆಯೋ ಕಲೆಯೋ ಕಂಡರೆ ಒಂದು ಸುಲಭದ ಉಪಾಯ ಇದೆ. ಸ್ಕ್ರೀನ್‌ಶಾಟ್ ತೆಗೆದು ಇನ್ನೊಂದು ಫೋನಿಗೆ ಕಳಿಸಿ ನೋಡಿ. ಅಲ್ಲೂ ಗೆರೆ ಕಂಡರೆ ಅದು ಸಾಫ್ಟ್‌ವೇರ್ ತೊಂದರೆ, ಅಪ್‌ಡೇಟ್‌ನಿಂದ ಸರಿಹೋಗಬಹುದು. ಅಲ್ಲಿ ಕಾಣದಿದ್ದರೆ ದೋಷ ಸ್ಕ್ರೀನಿನ ಒಳಗೇ ಇದೆ, ಯಾವ ಅಪ್‌ಡೇಟೂ ಅದನ್ನು ಹೋಗಲಾಡಿಸುವುದಿಲ್ಲ.

ಇದೇ ಕಾರಣಕ್ಕೆ ದೂರಿನ ಜೊತೆ ಸ್ಕ್ರೀನ್‌ಶಾಟ್ ಕಳಿಸಬೇಡಿ. ತುಂಬಾ ಜನ ಹೀಗೆ ಮಾಡುತ್ತಾರೆ, ಆ ಕಡೆಯವರಿಗೆ ಅಚ್ಚುಕಟ್ಟಾದ ಸ್ಕ್ರೀನ್ ಕಾಣುತ್ತದೆ. ಇನ್ನೊಂದು ಫೋನಿನಿಂದಲೇ ಫೋಟೊ ತೆಗೆಯಿರಿ. ಫ್ಲಾಶ್ ಆಫ್ ಇರಲಿ, ಕೋಣೆಯ ದೀಪ ಆರಿಸಿ. ಕ್ಯಾಮೆರಾವನ್ನು ನೇರಕ್ಕೆ ಹಿಡಿಯದೆ ಒಂಚೂರು ವಾಲಿಸಿ, ಆಗ ಪ್ರತಿಬಿಂಬವೂ ಅಲೆಅಲೆಯ ನಮೂನೆಯೂ ಕಡಿಮೆಯಾಗುತ್ತದೆ. ದೋಷ ಇರುವ ಜಾಗವನ್ನು ಒತ್ತಿ ಹಿಡಿದು ಫೋಕಸ್ ಗಟ್ಟಿಮಾಡಿಕೊಳ್ಳಿ. ಒಂದು ಹತ್ತಿರದ ಫೋಟೊ, ಇಡೀ ಫೋನ್ ಕಾಣುವ ಒಂದು ಫೋಟೊ, 30 ಸೆಕೆಂಡಿನ ಒಂದು ವಿಡಿಯೊ. ಇಷ್ಟು ಸಾಕು.

ಟಚ್ ತೊಂದರೆಯಾದರೆ ಒಮ್ಮೆ ಸೇಫ್ ಮೋಡ್‌ನಲ್ಲಿ (ನೀವು ಹಾಕಿಕೊಂಡ ಆ್ಯಪ್‌ಗಳು ಓಡದ ಸ್ಥಿತಿಯಲ್ಲಿ) ಆನ್ ಮಾಡಿ ನೋಡಿ. ಅಲ್ಲಿಯೂ ತೊಂದರೆ ಇದ್ದರೆ ಆ್ಯಪ್‌ಗಳ ಮೇಲೆ ತಪ್ಪು ಹೊರಿಸಲು ಯಾರಿಗೂ ಬರುವುದಿಲ್ಲ.

## ಹಂತ 5: ಕಂಡ ದಿನವೇ, ಬರಹದಲ್ಲೇ ದೂರು

ಕಾಲ್ ಮಾಡಿ ಹೇಳಿದ್ದು ಗಾಳಿಗೆ ಹೋದ ಮಾತು. ಆ್ಯಪ್‌ನ ಒಳಗೇ ಆ ಆರ್ಡರ್ ತೆರೆದು, ರಿಟರ್ನ್ ಅಥವಾ ರಿಪ್ಲೇಸ್ ಒತ್ತಿ, ಚಾಟ್‌ನಲ್ಲಿ ಬರೆಯಿರಿ. ಕಾರಣ ಆರಿಸುವಾಗ "ಇಷ್ಟವಾಗಲಿಲ್ಲ", "ನಿರೀಕ್ಷಿಸಿದ ಹಾಗಿಲ್ಲ" ಅನ್ನುವವನ್ನು ಮುಟ್ಟಬೇಡಿ. "ಡಿಫೆಕ್ಟಿವ್" ಅನ್ನುವುದನ್ನೇ ಆರಿಸಿ. ಇದೊಂದು ತಪ್ಪಿನಿಂದ ವಿನಂತಿ ಅಲ್ಲೇ ತಿರಸ್ಕಾರವಾಗಬಹುದು.

ಬರೆಯುವುದು ಹೀಗಿರಲಿ:

"ಆರ್ಡರ್ ನಂಬರ್ ____. ಫೋನ್ ____ ನೇ ತಾರೀಕು ತಲುಪಿದೆ. ಐಎಂಇಐ ____. ಅದೇ ದಿನ ಪರೀಕ್ಷೆ ಮಾಡಿದಾಗ ಸ್ಕ್ರೀನಿನ ಬಲಭಾಗದಲ್ಲಿ ಮೇಲಿಂದ ಕೆಳಗೆ ಹಸಿರು ಗೆರೆ ಕಂಡಿದೆ. ಫೋನ್ ಬಿದ್ದಿಲ್ಲ, ನೀರು ತಾಗಿಲ್ಲ. ಡಬ್ಬಿ ಬಿಚ್ಚಿದ ವಿಡಿಯೊ ಮತ್ತು ದೋಷದ ಫೋಟೊ ಇದರ ಜೊತೆಗಿವೆ. ನನಗೆ ರಿಪೇರಿ ಬೇಡ, ಬದಲಿ ಫೋನ್ ಬೇಕು. ಅದು ಸಾಧ್ಯವಿಲ್ಲದಿದ್ದರೆ ಪೂರ್ತಿ ಹಣ ವಾಪಸ್ ಕೊಡಿ."

"ರಿಪೇರಿ ಬೇಡ" ಅನ್ನುವ ಸಾಲನ್ನು ಬಿಡಬೇಡಿ. ಚಾಟ್ ಮುಗಿದ ಮೇಲೆ ಅದರ ಸ್ಕ್ರೀನ್‌ಶಾಟ್ ತೆಗೆದು, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಇದೇ ಬರಹವನ್ನು ಕಂಪನಿಯ ಇಮೇಲ್‌ಗೂ ಕಳಿಸಿ.

ಇಲ್ಲಿ ಒಂದು ಎಚ್ಚರಿಕೆ. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಕಾಲ್ ಮಾಡಬೇಡಿ. ಮೋಸಗಾರರು ಸುಳ್ಳು ನಂಬರ್‌ಗಳನ್ನು ಅಲ್ಲಿ ಹಾಕಿರುತ್ತಾರೆ. "ರೀಫಂಡ್ ಹಾಕ್ತೀವಿ, ಈ ಆ್ಯಪ್ ಇನ್‌ಸ್ಟಾಲ್ ಮಾಡಿ", "ಯುಪಿಐ ಪಿನ್ ಹಾಕಿ" ಅಂದರೆ ಕೂಡಲೇ ಕಾಲ್ ಕತ್ತರಿಸಿ. ಹಣ ಬರುವುದಕ್ಕೆ ಪಿನ್ ಬೇಕಾಗುವುದೇ ಇಲ್ಲ. ಹಣ ಹೋಗಿಯೇಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕಾಲ್ ಮಾಡಿ.

ಇಎಂಐನಲ್ಲಿ ಕೊಂಡಿದ್ದರೆ, ಜಗಳ ನಡೆಯುತ್ತಿದೆ ಅಂತ ಕಂತು ನಿಲ್ಲಿಸಬೇಡಿ. ಸಾಲ ಕೊಟ್ಟದ್ದು ಬ್ಯಾಂಕು, ಅದಕ್ಕೆ ಫೋನಿನ ದೋಷದ ಲೆಕ್ಕ ಇಲ್ಲ. ಕಂತು ತಪ್ಪಿದರೆ ನಿಮ್ಮ ಸಿಬಿಲ್ ಸ್ಕೋರ್ ಇಳಿಯುತ್ತದೆ. ಹಳೆ ಫೋನ್ ಎಕ್ಸ್‌ಚೇಂಜ್ ಕೊಟ್ಟವರು ಹಣ ವಾಪಸ್ ಕೇಳುವ ಮುಂಚೆ ಎಕ್ಸ್‌ಚೇಂಜ್ ಷರತ್ತು ಓದಿ. ಕೊಟ್ಟ ಹಳೆ ಫೋನ್ ಮತ್ತೆ ಸಿಗುವುದು ಕಷ್ಟ, ಹಾಗಾಗಿ ಅಂಥವರಿಗೆ ಬದಲಿ ಫೋನೇ ಒಳ್ಳೆಯದು.

## ಹಂತ 6: ಸರ್ವಿಸ್ ಸೆಂಟರ್‌ನಲ್ಲಿ

ಕೆಲಸ ಕೆಡುವುದು ಹೆಚ್ಚಾಗಿ ಈ ಕೌಂಟರ್‌ನಲ್ಲಿ. ಗಡುವಿನ ಒಳಗೇ ಹೋಗಿ, ಸಾಧ್ಯವಾದರೆ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ. ಡಬ್ಬಿ, ಚಾರ್ಜರ್ ಕೊಟ್ಟಿದ್ದರೆ ಚಾರ್ಜರ್, ಕೇಬಲ್, ಸಿಮ್ ತೆಗೆಯುವ ಪಿನ್, ಬಿಲ್ ಎಲ್ಲ ಜೊತೆಗಿರಲಿ.

ನೀವು ಕೇಳಬೇಕಾದ ಕಾಗದದ ಹೆಸರು ಡಿಓಎ (ಡೆಡ್ ಆನ್ ಅರೈವಲ್) ಪತ್ರ. ಬರುವಾಗಲೇ ಕೆಟ್ಟಿತ್ತು ಅಂತ ಕಂಪನಿ ಬರೆದುಕೊಡುವ ಪತ್ರ ಅದು. ಇದಿದ್ದರೆ ಮಾತ್ರ ಹಲವು ಅಂಗಡಿಯವರು ಮತ್ತು ಆನ್‌ಲೈನ್ ಮಾರಾಟಗಾರರು ಫೋನ್ ಬದಲಿಸುತ್ತಾರೆ. ಕೌಂಟರ್‌ಗೆ ಹೋದ ಕೂಡಲೇ "ಸ್ಕ್ರೀನ್ ಸರಿಮಾಡಿಕೊಡಿ" ಅನ್ನಬೇಡಿ. "ಡಿಓಎ ಪತ್ರ ಬೇಕು" ಅನ್ನಿ.

ಅವರು ಹೇಳುವ ಮಾತುಗಳು ಹೆಚ್ಚುಕಡಿಮೆ ಗೊತ್ತಿರುವವೇ. "ಸಾಫ್ಟ್‌ವೇರ್ ಅಪ್‌ಡೇಟ್ ಬಂದ್ರೆ ಸರಿಹೋಗತ್ತೆ" ಅಂದರೆ ಹಂತ 4ರ ಸ್ಕ್ರೀನ್‌ಶಾಟ್ ಪರೀಕ್ಷೆ ತೋರಿಸಿ. "ಈಗ ಗೆರೆ ಕಾಣ್ತಾ ಇಲ್ವಲ್ಲ" ಅಂದರೆ ಅಲ್ಲೇ ಕೂತು 20 ನಿಮಿಷ ವಿಡಿಯೊ ಓಡಿಸಿ. ನಾನು ಅತ್ತಿಗೆಯ ಫೋನನ್ನು ಎರಡನೇ ಸಲ ಒಯ್ದಾಗ ಬಸ್ಸಿನಲ್ಲೇ ವಿಡಿಯೊ ಹಾಕಿಟ್ಟಿದ್ದೆ. ಕೌಂಟರ್‌ನ ಹುಡುಗಿ ಬೂದಿ ಬಣ್ಣದ ಚಿತ್ರ ತೆರೆದು, ಕನ್ನಡಕ ಮೇಲೇರಿಸಿ, ಫೋನನ್ನು ಕಣ್ಣಿನ ಹತ್ತಿರ ಹಿಡಿದು "ಹೌದು, ಇದೆ" ಅಂದಳು. ಆದರೆ ಗಡುವು ದಾಟಿದ್ದರಿಂದ ಡಿಓಎ ಕೊಡಲು ಬರಲಿಲ್ಲ, ವಾರಂಟಿಯಲ್ಲಿ ಸ್ಕ್ರೀನ್ ಬದಲಿಸಿ ಕೊಟ್ಟರು. ಮೊದಲ ಸಲವೇ ಬಿಸಿಮಾಡಿ ಒಯ್ದಿದ್ದರೆ, ಅದೂ ಗಡುವಿನ ಒಳಗೆ, ಹೊಸ ಫೋನೇ ಸಿಗುತ್ತಿತ್ತು.

"ಇವತ್ತೇ ಸ್ಕ್ರೀನ್ ಹಾಕಿಕೊಡ್ತೀವಿ, ಫ್ರೀ" ಅನ್ನುವ ಮಾತಿಗೆ ಗಡುವಿನ ಒಳಗೆ ಒಪ್ಪಬೇಡಿ. ಒಮ್ಮೆ ಬಿಚ್ಚಿದ ಫೋನಿನ ನೀರು ತಡೆಯುವ ಅಂಟು ಮೊದಲಿನ ಹಾಗೆ ಕೂರುವ ಖಾತ್ರಿ ಇಲ್ಲ. ಜೊತೆಗೆ ರಿಪೇರಿ ಆದ ಫೋನಿಗೆ ಬದಲಿ ಕೇಳುವ ದಾರಿ ಮುಚ್ಚಿಕೊಳ್ಳುತ್ತದೆ. ಗಡುವು ದಾಟಿದ್ದರೆ ಮಾತ್ರ ವಾರಂಟಿ ರಿಪೇರಿ ಒಪ್ಪಿಕೊಳ್ಳಿ.

ಫೋನನ್ನು ಅವರ ಕೈಯಲ್ಲಿ ಬಿಟ್ಟು ಬರುವುದಾದರೆ ಜಾಬ್ ಶೀಟ್, ಅಂದರೆ ಫೋನ್ ಪಡೆದದ್ದಕ್ಕೆ ಸೆಂಟರ್‌ನವರು ಕೊಡುವ ಚೀಟಿ, ಇಲ್ಲದೆ ಹೊರಗೆ ಬರಬೇಡಿ. ಸಹಿ ಹಾಕುವ ಮುಂಚೆ ಅದರಲ್ಲಿರುವ ಎರಡು ಕಾಲಂ ಓದಿ. ಒಂದು ತೊಂದರೆಯ ಕಾಲಂ: "ಡಿಸ್‌ಪ್ಲೇ ಇಶ್ಯೂ" ಅಂತ ಬರೆದರೆ ಸಾಲದು, "ಹಸಿರು ಗೆರೆ, ಹೊಸ ಫೋನ್, ಡಿಓಎ ಕೋರಿಕೆ" ಅಂತ ಬರೆಸಿ. ಇನ್ನೊಂದು ಫೋನಿನ ಸ್ಥಿತಿಯ ಕಾಲಂ: ಅಲ್ಲಿ ರೂಢಿಯ ಮೇಲೆ "ಸ್ಕ್ರಾಚಸ್, ಡೆಂಟ್" ಅಂತ ಬರೆದುಬಿಡುತ್ತಾರೆ. ಗೀರಿಲ್ಲದಿದ್ದರೆ ಹೊಡೆದು ಹಾಕಿಸಿ. ಆ ಒಂದು ಪದ ಉಳಿದರೆ ನಾಳೆ "ಇದು ಫಿಸಿಕಲ್ ಡ್ಯಾಮೇಜ್, ವಾರಂಟಿ ಬರಲ್ಲ" ಅನ್ನುವುದಕ್ಕೆ ನೀವೇ ಸಹಿ ಕೊಟ್ಟ ಹಾಗಾಗುತ್ತದೆ. ಜಾಬ್ ಶೀಟ್ ಪಕ್ಕದಲ್ಲಿ ಫೋನಿಟ್ಟು ಒಂದು ಫೋಟೊ ತೆಗೆಯಿರಿ.

ಡಿಓಎ ಕೊಡುವುದಿಲ್ಲ ಅಂದರೆ ಆ ನಿರಾಕರಣೆಯನ್ನೇ ಬರೆದುಕೊಡಲು ಕೇಳಿ. ಬರೆಯಲು ಒಪ್ಪದಿದ್ದರೆ ಅಲ್ಲೇ ಕೂತು "ಇವತ್ತು ಇಷ್ಟು ಗಂಟೆಗೆ ಬಂದಿದ್ದೆ, ಹೀಗೆ ಹೇಳಿದರು" ಅಂತ ಕಂಪನಿಗೆ ಇಮೇಲ್ ಮಾಡಿ. ಆ ಇಮೇಲ್‌ನ ಸಮಯವೇ ನಿಮಗೆ ದಾಖಲೆ.

## ಹಂತ 7: ಫೋನ್ ವಾಪಸ್ ಕೊಡುವ ಮುಂಚೆ

ಬದಲಿ ಮಂಜೂರಾಯಿತು ಅಂದ ಖುಷಿಯಲ್ಲಿ ಹಾಗೇ ಕೊಟ್ಟುಬಿಡಬೇಡಿ. ನಿಮ್ಮ ಖಾತೆ ಒಳಗೇ ಉಳಿದರೆ ಫೋನ್ ಬೀಗ ಹಾಕಿದ ಹಾಗಿರುತ್ತದೆ, ಪಿಕಪ್‌ಗೆ ಬಂದವರು ತೆಗೆದುಕೊಳ್ಳುವುದಿಲ್ಲ.

ಖಾತೆ ಹಾಕಿದ್ದರೆ ಮೊದಲು ಸೆಟ್ಟಿಂಗ್ಸ್‌ನಿಂದ ಗೂಗಲ್ ಖಾತೆ ತೆಗೆಯಿರಿ. ಐಫೋನ್ ಆದರೆ "ಫೈಂಡ್ ಮೈ" ಆಫ್ ಮಾಡಿ. ಇ-ಸಿಮ್ ಇದ್ದರೆ ಅಳಿಸಿ. ಅದಾದ ಮೇಲೆ ಫ್ಯಾಕ್ಟರಿ ರೀಸೆಟ್. ಈ ಕ್ರಮ ತಿರುಗುಮುರುಗಾಗಬಾರದು. ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದಿದ್ದೀರಾ ಅಂತ ಎರಡು ಸಲ ನೋಡಿ. ದೋಷದ ವಿಡಿಯೊ ಎಲ್ಲ ಇನ್ನೊಂದು ಫೋನಿನಲ್ಲೇ ಇರಬೇಕು, ರೀಸೆಟ್ ಆಗುವ ಫೋನಿನಲ್ಲಲ್ಲ.

ಟಚ್ ಪೂರ್ತಿ ಸತ್ತಿದ್ದರೆ? ಫೋನಿಗೆ ಯುಎಸ್‌ಬಿ ಸಾಮಾನು ಜೋಡಿಸುವ ಒಂದು ಓಟಿಜಿ ಅಡಾಪ್ಟರ್ ತಂದು ಕಂಪ್ಯೂಟರ್ ಮೌಸ್ ಜೋಡಿಸಿ. ಸ್ಕ್ರೀನ್ ಮೇಲೆ ಬಾಣದ ಗುರುತು ಬರುತ್ತದೆ, ಆಂಡ್ರಾಯ್ಡ್‌ನಲ್ಲಿ ಅದರಿಂದಲೇ ರೀಸೆಟ್ ತನಕ ಎಲ್ಲ ಮಾಡಬಹುದು. ಮೊಬೈಲ್ ಅಂಗಡಿಗಳಲ್ಲಿ ಆ ಅಡಾಪ್ಟರ್ ಕಡಿಮೆ ಬೆಲೆಗೆ ಸಿಗುತ್ತದೆ.

ಪಿಕಪ್‌ಗೆ ಬಂದವರ ಎದುರು ಮತ್ತೆ ವಿಡಿಯೊ ಮಾಡಿ: ಐಎಂಇಐ, ನಾಲ್ಕು ಮೂಲೆ, ಡಬ್ಬಿಯೊಳಗಿನ ಸಾಮಾನು. ಪಿಕಪ್ ಆಗಿದೆ ಅನ್ನುವ ಮೆಸೇಜ್ ಅಥವಾ ರಸೀದಿ ಬಂದ ಮೇಲೆ ಅವರನ್ನು ಕಳಿಸಿ.

## ಹಂತ 8: ಯಾರೂ ಒಪ್ಪದಿದ್ದರೆ

"ಗಡುವು ಮುಗಿದಿದೆ, ನಮಗೆ ಸಂಬಂಧ ಇಲ್ಲ" ಅಂತ ಅಂಗಡಿಯವರು ಅಂದ ಮಾತ್ರಕ್ಕೆ ಕಾನೂನು ಮುಗಿಯುವುದಿಲ್ಲ. ಗ್ರಾಹಕರ ಸಂರಕ್ಷಣಾ ಕಾಯ್ದೆ 2019 ಮತ್ತು ಅದರಡಿ ಬಂದ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಸಾಮಾನು ದೋಷದ್ದಾಗಿದ್ದರೆ ಮಾರಾಟಗಾರ ಅದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ಹಣ ಕೊಡುವುದಿಲ್ಲ ಅನ್ನುವ ಹಾಗಿಲ್ಲ. ಇದನ್ನು ಈ ಕ್ರಮದಲ್ಲಿ ಬಳಸಿ.

ಮೊದಲು ಆ ಆನ್‌ಲೈನ್ ಅಂಗಡಿಯ ಗ್ರಿವೆನ್ಸ್ ಆಫೀಸರ್‌ಗೆ (ದೂರು ನೋಡುವ ಅಧಿಕಾರಿಗೆ) ಇಮೇಲ್ ಮಾಡಿ. ಅವರ ಹೆಸರು, ವಿಳಾಸ ಆ್ಯಪ್‌ನಲ್ಲಿ ಇರಲೇಬೇಕು. ದೂರು ತಲುಪಿದ 48 ಗಂಟೆಯೊಳಗೆ ಸ್ವೀಕಾರ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು ಅಂತ ನಿಯಮ ಇದೆ.

ಅದೂ ಆಗಲಿಲ್ಲವೇ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕಾಲ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಅವರು ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ. ತೀರ್ಪು ಕೊಡುವ ಅಧಿಕಾರ ಅವರಿಗಿಲ್ಲ. ಆದರೂ ಈ ಹಂತದಲ್ಲೇ ತುಂಬಾ ದೂರುಗಳು ಬಗೆಹರಿಯುತ್ತವೆ, ಯಾಕೆಂದರೆ ಕಂಪನಿಯ ಒಳಗೆ ಇದನ್ನು ನೋಡುವವರೇ ಬೇರೆ.

ಕೊನೆಯದು ಜಿಲ್ಲಾ ಗ್ರಾಹಕ ಆಯೋಗ. ದೋಷ ಕಂಡ 2 ವರ್ಷದೊಳಗೆ ಹೋಗಬೇಕು. ಕಂಪನಿ ದೆಹಲಿಯಲ್ಲಿದ್ದರೂ ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷದೊಳಗಿನ ಸಾಮಾನಿಗೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. 2025ರ ಜನವರಿಯಲ್ಲಿ ಶುರುವಾದ ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಅದಕ್ಕೂ ಮುಂಚೆ ಮಾರಾಟಗಾರ ಮತ್ತು ಕಂಪನಿ ಇಬ್ಬರಿಗೂ 15 ದಿನದ ಗಡುವು ಕೊಟ್ಟು ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಒಬ್ಬರನ್ನೇ ಹೆಸರಿಸಿದರೆ ಅವರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಆಯೋಗದಲ್ಲಿ ಸಮಯ ಹಿಡಿಯುತ್ತದೆ, ಅದಕ್ಕೆ ಮನಸ್ಸು ಗಟ್ಟಿಮಾಡಿಕೊಂಡೇ ಹೋಗಿ.

ಈ ಮೂರೂ ಕಡೆ ನಿಮ್ಮಿಂದ ಕೇಳುವುದು ಅದೇ ಕಾಗದಗಳು: ಬಿಲ್, ಡಬ್ಬಿ ಬಿಚ್ಚಿದ ವಿಡಿಯೊ, ದೋಷದ ಫೋಟೊ, ಮೊದಲ ದಿನದ ಚಾಟ್, ಜಾಬ್ ಶೀಟ್. ಎಲ್ಲವನ್ನೂ ತಾರೀಕಿನ ಪ್ರಕಾರ ಒಂದೇ ಫೋಲ್ಡರ್‌ನಲ್ಲಿ ಜೋಡಿಸಿಡಿ.

## ಹಂತ 9: ಬದಲಿ ಫೋನ್ ಬಂದಾಗ

ಬದಲಿ ಬಂದ ಫೋನಿಗೂ ಹಂತ 1ರಿಂದ 4ರ ತನಕ ಎಲ್ಲವನ್ನೂ ಮತ್ತೆ ಮಾಡಿ. ಬೇಸರ ಆಗುತ್ತದೆ, ನನಗೆ ಗೊತ್ತು. ಆದರೆ ಅದೇ ಬ್ಯಾಚಿನ ಫೋನ್ ಬಂದಿದ್ದರೆ ಅದೇ ದೋಷ ಮತ್ತೆ ಇರಬಹುದು. ಡಬ್ಬಿ ಸೀಲ್ ಆಗಿದೆಯಾ ನೋಡಿ. ಇದರ ಐಎಂಇಐ ಬೇರೆ ಇರುತ್ತದೆ, ಹಾಗಾಗಿ ಹೊಸ ಐಎಂಇಐ ಇರುವ ಬಿಲ್ ಕೇಳಿ ತೆಗೆದುಕೊಳ್ಳಿ. ಹಳೆ ಬಿಲ್‌ನಲ್ಲಿ ಹಳೆ ನಂಬರೇ ಉಳಿದರೆ ಮುಂದೆ ವಾರಂಟಿ ಕೇಳುವಾಗ ತೊಡಕಾಗುತ್ತದೆ. ಕಂಪನಿಯ ಜಾಲತಾಣದಲ್ಲಿ ಹೊಸ ಐಎಂಇಐ ಹಾಕಿ ವಾರಂಟಿ ಯಾವತ್ತಿಂದ ಶುರುವಾಗಿದೆ ಅಂತಲೂ ನೋಡಿ. ಬೇರೆ ತಾರೀಕು ಕಂಡರೆ ಬಿಲ್ ಕಳಿಸಿ ತಿದ್ದಿಸಿ.

ಇಷ್ಟೆಲ್ಲ ಸರಿ ಇದ್ದರೆ ಸಿಮ್ ಹಾಕಿ, ಖಾತೆ ಜೋಡಿಸಿ. ಮೂರ್ನಾಲ್ಕು ದಿನ ಬಳಸಿ, ಒಂದು ರಾತ್ರಿ ಕತ್ತಲಲ್ಲಿ ಬೂದಿ ಬಣ್ಣ ಇನ್ನೊಮ್ಮೆ ತೆರೆದು ನೋಡಿ. ಗೆರೆ, ಕಲೆ ಏನೂ ಕಾಣದಿದ್ದರೆ ಟೆಂಪರ್ಡ್ ಗ್ಲಾಸ್ ಅಂಟಿಸಿ. ಡಬ್ಬಿಯನ್ನು ಮಾತ್ರ ವಾರಂಟಿ ಮುಗಿಯುವ ತನಕ ಬೀರುವಿನ ಮೇಲೆ ಇಟ್ಟಿರಿ.